ಬೆಳಗಿನ ಪಾರಣೆ

ನಮ್ಮ ಕಡೆ ಬೆಳಿಗ್ಗೆ ಎಂಟರಿಂದ ಹತ್ತು ಗಂಟೆಯೊಳಗೆ ಪರಿಚಿತರಿಬ್ಬರು ಎದುರಾದರೆ ಮೊದಲು ಕೇಳುವ ಪ್ರಶ್ನೆ ‘ತಿಂಡಿ ಆಯಿತೆ?’ ಎಂಬುದು. ತಾನು ತಿಂದುದೇನು, ಎಷ್ಟು ಎಂಬ ವಿವರವನ್ನು ಯಾರೂ ಕೊಡಬೇಕಾಗಿಲ್ಲ. ‘ಆಯ್ತು, ನಿಮ್ಮದು?’ ಎಂದರೆ ಸಾಕು, ಕುಶಲಪ್ರಶ್ನೆ ಮುಗಿದಂತೆಯೇ. ಈ ಪ್ರಶ್ನೆಯನ್ನು ಬರಿಯ ಉಪಚಾರವೆಂದು ಬಗೆಯದೆ, ಮನಸ್ಸಿಟ್ಟು, ನಿಜವಾದ ಉತ್ತರವನ್ನು ಬಯಸಿ ಕೇಳಿದರೆ ಏನಾದೀತು? ನಾನು ಒಮ್ಮೆ ಹಾಗೆ ಕೇಳಿ ಪಾಠ ಕಲಿತವನು. ಆ ಪಾಠವನ್ನು ತಮ್ಮೊಡನೆ ಹಂಚಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಮೊದಲು ಹೆಸರುಗಳ ವಿಚಾರ. ಬೆಳಗಿನ ಆಹಾರಕ್ಕೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಪಟ್ಟಣದವರು ತಿಂಡಿ ಎನ್ನುತ್ತಾರೆ. ಉತ್ತರದ ಜಿಲ್ಲೆಗಳವರು ನಾಷ್ಟಾ ಎನ್ನುತ್ತಾರೆ. ಹಳ್ಳಿಯ ಹಿರಿಯರಿಗೆ ಅದು ಹೊತ್ತಾರೆ ಊಟ. ಗ್ರಂಥಸ್ಥ ಭಾಷೆಯಲ್ಲಿ ಉಪಾಹಾರ, ಎಂದರೆ ಕಿರಿಯ ಆಹಾರ. ಹೋಟೆಲುಗಳ ಹಲಗೆಯ ಮೇಲೆ ಇದು ಅನೇಕ ವೇಳೆ ‘ಉಪಹಾರ’ವಾಗಿ ಬಿಡುತ್ತದೆ. ದೀರ್ಘವನ್ನು ಕಳೆದುಕೊಂಡ ಆ ಶಬ್ದಕ್ಕೆ ಕಾಣಿಕೆ, ಕೊಡುಗೆ ಎಂದು ಅರ್ಥ. ಕೊಡುಗೆಯೆಂದು ನಂಬಿ ಒಳಹೊಕ್ಕವರ ಮುಂದೆ ಕೊನೆಗೆ ಬಿಲ್ಲು ಬಂದೇ ಬರುತ್ತದೆ ಎನ್ನುವುದು ಬೇರೆಯ ಮಾತು! ಇಂಗ್ಲಿಷಿನವರು ಇಟ್ಟ ಹೆಸರಿಗೆ ಉಪವಾಸವನ್ನು ಮುರಿಯುವುದು ಎಂದು ಅರ್ಥ. ಆ ಅರ್ಥದ ಮಾತು ನಮ್ಮಲ್ಲಿಯೂ ಉಂಟು. ಆದರೆ ನಾವು ಅದನ್ನು ವ್ರತದ ದಿನಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ಆ ಮಾತು ಪಾರಣೆ.

ಏಕಾದಶಿಯಂದು ನಿರಾಹಾರರಾಗಿದ್ದವರು ದ್ವಾದಶಿಯ ಬೆಳಿಗ್ಗೆ ಕಾಲ ಮೀರದಂತೆ ಪಾರಣೆ ಮಾಡಬೇಕು. ಉಪವಾಸವೆಷ್ಟು ಮುಖ್ಯವೋ ಪಾರಣೆಯೂ ಅಷ್ಟೇ ಮುಖ್ಯ. ಅದು ತಪ್ಪಿದರೆ ವ್ರತ ಪೂರ್ಣವಾಗದು ಎಂಬುದು ಆಚರಿಸುವವರ ನಂಬುಗೆ. ಭಾಗವತದ ಅಂಬರೀಷನ ಕಥೆಯಲ್ಲಿ ರಾಜನಿಗೆ ಒದಗುವ ಧರ್ಮಸಂಕಟವೆಲ್ಲ ಈ ಪಾರಣೆಯ ಹೊತ್ತು ಮೀರುತ್ತಿದೆಯಲ್ಲಾ ಎಂಬುದರಿಂದಲೇ ಹುಟ್ಟಿದ್ದು. ಹಸಿದಿರುವುದನ್ನೇ ಪುಣ್ಯವೆಂದು ಎಣಿಸಿದ ಸಂಪ್ರದಾಯವೂ ಬೆಳಗಿನ ಅನ್ನವನ್ನು ಕರ್ತವ್ಯವೆಂದು ವಿಧಿಸಿದೆ ಎಂಬುದನ್ನು ನಾವು ಗಮನಿಸಬೇಕು. ರಾತ್ರಿಯ ನಿದ್ರೆಯೆಂಬುದು ನಾವೆಲ್ಲರೂ, ಆಸ್ತಿಕ ನಾಸ್ತಿಕ ಭೇದವಿಲ್ಲದೆ, ದಿನವೂ ಮಾಡುವ ಉಪವಾಸ. ಅದಕ್ಕೂ ದಿನವೂ ಒಂದು ಪಾರಣೆ ಬೇಕು.

ಇನ್ನು ನಾನು ಕಲಿತ ಪಾಠ. ಅರಸೀಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಅಧ್ಯಾಪಕನಾಗಿದ್ದಾಗಿನ ಸಂಗತಿ. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಿಂತಲ್ಲಿಯೇ ತೂರಾಡಿ ಕುಸಿದಳು. ನೆರಳಿಗೆ ಕರೆದೊಯ್ದು ಮಲಗಿಸಿ, ಚೆನ್ನಾಗಿ ಎಚ್ಚರವಾದ ಮೇಲೆ ಬೆಲ್ಲದ ಪಾನಕ ಕುಡಿಸಿದೆವು. ಮುಖಕ್ಕೆ ಕಳೆ ಬಂದಿತು. ಆಗ ನಾನು ಕೇಳಿದೆ: ‘ಬೆಳಿಗ್ಗೆ ಏನು ತಿಂದಿದ್ದೆಯಮ್ಮಾ?’

‘ಟೀ ಕುಡ್ದಿದ್ದೆ ಸಾರ್.’

‘ಟೀ ಜೊತೆಗೆ?’

‘ಅಷ್ಟರಲ್ಲಿ ಬಸ್ಸು ಬಂದ್ಬಿಡ್ತು ಸಾರ್.’

ಬಡತನದ ಮನೆಯಿರಬೇಕೆಂದು ನಾನು ಊಹಿಸಿದೆ. ಊಹೆ ತಪ್ಪಾಗಿತ್ತು. ದೊಡ್ಡ ಸ್ಥಿತಿವಂತರಲ್ಲದಿದ್ದರೂ ಅದು ಹಿಟ್ಟಿಗೆ ಕೊರತೆಯಿದ್ದ ಮನೆಯಲ್ಲ. ಆ ದಿನ ಬೆಳಿಗ್ಗೆ ಐದಕ್ಕೆ ಎದ್ದು, ನೀರು ತಂದು, ತಾಯಿಯ ಜೊತೆಯಲ್ಲಿ ಕುಳಿತು ಹನ್ನೆರಡು ರಾಗಿರೊಟ್ಟಿಗಳನ್ನು ತಟ್ಟಿದವಳು ಅವಳೇ. ಗಾರೆಕೆಲಸಕ್ಕೆ ಹೋಗುವ ತಂದೆಗೆ ಬಡಿಸಿ, ಬುತ್ತಿ ಕಟ್ಟಿಕೊಟ್ಟು, ಅಣ್ಣಂದಿರಿಬ್ಬರಿಗೆ ಬಡಿಸಿ, ತನ್ನ ಸರದಿ ಬರುವ ಹೊತ್ತಿಗೆ ಬಸ್ಸಿನ ಹಾರನ್ನು ಕೇಳಿಸಿತು. ಇದು ಆ ಒಂದು ದಿನದ ಕಥೆಯೂ ಅಲ್ಲ, ವಾರದಲ್ಲಿ ನಾಲ್ಕು ದಿನಗಳ ಕಥೆ. ಹಿಂದಿನ ರಾತ್ರಿ ಎಂಟಕ್ಕೆ ಉಂಡವಳು ಮರುದಿನ ಮಧ್ಯಾಹ್ನ ಒಂದಕ್ಕೆ ಶಾಲೆಯ ಬಿಸಿಯೂಟಕ್ಕೆ ಕುಳಿತುಕೊಳ್ಳುವವರೆಗೆ ಹದಿನೇಳು ಗಂಟೆಗಳು ಕಳೆಯುತ್ತಿದ್ದವು. ಕಷ್ಟದ ವಿಷಯಗಳು ಮಕ್ಕಳ ತಲೆಗೆ ಚೆನ್ನಾಗಿ ಹತ್ತಲಿ ಎಂದು ಗಣಿತವನ್ನೂ ವಿಜ್ಞಾನವನ್ನೂ ನಾವು ಬೆಳಗಿನ ಅವಧಿಗಳಲ್ಲಿಯೇ ಇಟ್ಟಿದ್ದೆವು!

ಈ ಹದಿನೇಳು ಗಂಟೆಗಳಲ್ಲಿ ದೇಹದಲ್ಲಿ ನಡೆಯುವುದೇನು? ನಾವು ಮಲಗಿದರೂ ಮಿದುಳು ಮಲಗುವುದಿಲ್ಲ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟೇ ಇರುವ ಈ ಅಂಗ ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ತಾನೇ ಕಬಳಿಸುತ್ತದೆ. ಅದರ ಮುಖ್ಯ ಉರುವಲು ಗ್ಲೂಕೋಸ್ ಎಂಬ ಸಕ್ಕರೆ. ಬೆಳೆದ ಮನುಷ್ಯನ ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಬೇಕು. ರಾತ್ರಿಯ ಊಟ ಜೀರ್ಣವಾಗಿ ಮುಗಿದ ಮೇಲೆ ಈ ಸಕ್ಕರೆಯನ್ನು ಒದಗಿಸುವ ಹೊಣೆ ಯಕೃತ್ತಿನದು. ಅದು ತನ್ನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು 100 ಗ್ರಾಂ ಶರ್ಕರಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತದೆ. ಕಣಜದಿಂದ ಅಳೆದು ಕೊಡುವಂತೆ ಇರುಳೆಲ್ಲ ಅದನ್ನು ರಕ್ತಕ್ಕೆ ಬಿಡುತ್ತದೆ. ಬೆಳಗಾಗುವ ವೇಳೆಗೆ ಕಣಜದ ಬಹುಭಾಗ ಬರಿದಾಗಿರುತ್ತದೆ. ಅನಂತರ ದೇಹವು ಕೊಬ್ಬನ್ನು ಕರಗಿಸುತ್ತದೆ. ಸ್ನಾಯುವಿನ ಸಸಾರಜನಕವನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಪುಷ್ಟವಾಗಿ ಬೆಳೆದ ದೊಡ್ಡವರ ದೇಹ ಈ ಕೆಲಸವನ್ನು ಹೆಚ್ಚು ಗೊಂದಲವಿಲ್ಲದೆ ನಡೆಸಿಕೊಂಡು ಹೋಗಬಲ್ಲದು. ಮಕ್ಕಳ ಸ್ಥಿತಿ ಹಾಗಲ್ಲ. ದೇಹಕ್ಕೆ ಹೋಲಿಸಿದರೆ ಅವರ ಮಿದುಳು ದೊಡ್ಡದು, ಕಣಜ ಚಿಕ್ಕದು. ಮೊದಲೇ ಕೃಶವಾದ ಮಗುವಾದರೆ ಕಣಜ ಇನ್ನೂ ಚಿಕ್ಕದು. ಪಾಠದ ಹೊತ್ತಿನಲ್ಲಿ ಆಕಳಿಸುವ, ಹೇಳಿದ್ದನ್ನು ಮರೆಯುವ, ಸಣ್ಣ ಮಾತಿಗೆ ಅಳುವ ಮಗುವನ್ನು ದಡ್ಡನೆಂದೋ ಸೋಮಾರಿಯೆಂದೋ ಗದರಿಸುವ ಮೊದಲು ‘ತಿಂಡಿ ಆಯಿತೆ?’ ಎಂದು ಕೇಳುವುದು ಅಧ್ಯಾಪಕನ ಕರ್ತವ್ಯವೆಂದು ನನಗೆ ಆ ದಿನ ಹೊಳೆಯಿತು.

ಇಲ್ಲಿ ಕೆಲವರು ಒಂದು ಗಾದೆಯನ್ನು ಮುಂದಿಡುವುದುಂಟು. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಆ ಮಾತನ್ನು ತಾವೆಲ್ಲರೂ ಕೇಳಿದ್ದೀರಿ. ಅದು ಸುಳ್ಳೆಂದು ನಾನು ಹೇಳೆನು. ಕುಳಿತು ಕೆಲಸ ಮಾಡುವ, ಹಸಿವಿಲ್ಲದೆ ಉಣ್ಣುವ, ಹೊಟ್ಟೆ ಬೆಳೆದ ನಮ್ಮಂಥವರಿಗೆ ಅದು ಒಳ್ಳೆಯ ಬುದ್ಧಿವಾದ. ಆದರೆ ಗಾದೆಯಲ್ಲಿ ಬರುವ ಯೋಗಿಗೆ ಬೆಳೆಯುವ ವಯಸ್ಸು ಕಳೆದಿದೆ. ಅವನಿಗೆ ಎಂಟು ಗಂಟೆಯ ಬಸ್ಸಿಲ್ಲ, ಹತ್ತು ಗಂಟೆಗೆ ಬೀಜಗಣಿತವಿಲ್ಲ. ದೊಡ್ಡವರಿಗೆ ಹೇಳಿದ ಗಾದೆಯನ್ನು ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಮೈಮುರಿದು ದುಡಿಯುವವರಿಗೂ ಅನ್ವಯಿಸುವುದು ಅನ್ಯಾಯ. ಸಕ್ಕರೆ ರೋಗಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರಂತೂ ವೈದ್ಯರ ಸಲಹೆಯಿಲ್ಲದೆ ಬೆಳಗಿನ ಆಹಾರವನ್ನು ಬಿಡಲೇ ಬಾರದು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು.

ಇನ್ನೊಂದು ಪಕ್ಷದವರು ಬೆಳಗಿನ ಆಹಾರವನ್ನು ಅತಿಯಾಗಿ ಹೊಗಳುತ್ತಾರೆ. ದಿನದ ಆಹಾರಗಳಲ್ಲೆಲ್ಲ ಅದೇ ಶ್ರೇಷ್ಠ ಎಂಬ ಘೋಷಣೆಯನ್ನು ಜಗತ್ತಿನಲ್ಲಿ ಹರಡಿದವರಲ್ಲಿ ಅದನ್ನು ಡಬ್ಬದಲ್ಲಿ ತುಂಬಿ ಮಾರುವವರ ಪಾತ್ರ ಕಡಮೆಯದೇನಲ್ಲ. ಅಮೆರಿಕದ ಬ್ಯಾಟಲ್ ಕ್ರೀಕ್ ಎಂಬ ಊರಿನ ಆರೋಗ್ಯಧಾಮವೊಂದರಲ್ಲಿ 1894ರ ವೇಳೆಗೆ ಕೆಲಾಗ್ ಸೋದರರು ಧಾನ್ಯದ ಗರಿಗರಿ ಚಕ್ಕೆಗಳನ್ನು ತಯಾರಿಸಿದರು. ರೋಗಿಗಳ ಪಥ್ಯವಾಗಿದ್ದುದು ಬೇಗನೆ ದೊಡ್ಡ ವ್ಯಾಪಾರವಾಯಿತು. ಬೆಳಿಗ್ಗೆ ತಿಂದರೆ ಮೈ ಕರಗುತ್ತದೆ ಎಂಬ ಪ್ರಚಾರವೂ ಉಂಟು. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2019ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಲೇಖನ ದೊಡ್ಡವರ ವಿಷಯದಲ್ಲಿ ಈ ಮಾತಿಗೆ ಆಧಾರವಿಲ್ಲವೆಂದೇ ಕಂಡುಕೊಂಡಿತು. ಆದರೆ ಮಕ್ಕಳ ವಿಚಾರದಲ್ಲಿ ದೊರೆತ ಸಾಕ್ಷ್ಯ ಬೇರೆ. ಜಮೈಕಾ ದ್ವೀಪದ ಹಳ್ಳಿಶಾಲೆಗಳಲ್ಲಿ ಒಂದು ಇಡೀ ಶಾಲಾವರ್ಷ ಕೆಲವು ಮಕ್ಕಳಿಗೆ ಬೆಳಗಿನ ಆಹಾರವನ್ನೂ ಉಳಿದವರಿಗೆ ಕಿತ್ತಳೆಹಣ್ಣಿನ ಕಾಲು ಭಾಗವನ್ನೂ ಕೊಟ್ಟು ನೋಡಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಿಂಡಿ ತಿಂದ ಮಕ್ಕಳ ಎತ್ತರ, ತೂಕ, ಹಾಜರಿ ಸ್ವಲ್ಪಮಟ್ಟಿಗೆ ಹೆಚ್ಚಿದವು. ಚಿಕ್ಕ ತರಗತಿಯವರು ಲೆಕ್ಕದಲ್ಲಿ ಮುಂದೆ ಬಂದರು. ಪವಾಡವೇನೂ ನಡೆಯಲಿಲ್ಲ, ನಿಜ. ಆದರೂ ಒಂದು ತಟ್ಟೆ ತಿಂಡಿಯಿಂದ ಮಗುವಿಗೆ ಇಷ್ಟು ದೊರೆಯುವುದಾದರೆ ಅದು ಅಗ್ಗದ ವ್ಯವಹಾರವೇ ಸರಿ.

ಇಂಥ ತಿಂಡಿಗೆ ನಾವು ಡಬ್ಬದ ಚಕ್ಕೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾನು ಬಲ್ಲ ಸೀಮೆಯನ್ನೇ ನೋಡೋಣ. ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವವನು ಬಯಲುಸೀಮೆಯಿಂದ ಹೊರಟು ಮಲೆನಾಡಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಕೆಲವೇ ಗಂಟೆಗಳ ಈ ದಾರಿ ರಾಗಿಯಿಂದ ಅಕ್ಕಿಯವರೆಗಿನ ದಾರಿಯೂ ಹೌದು. ಪೂರ್ವದಲ್ಲಿ ಮಳೆ ಕಡಮೆ. ಹೊಲದಲ್ಲಿ ರಾಗಿ, ತೋಟದಲ್ಲಿ ತೆಂಗು. ಪಶ್ಚಿಮಕ್ಕೆ ಸರಿದಂತೆ ಗದ್ದೆಗಳು ಕಾಣುತ್ತವೆ. ಬೇಲೂರಿನಾಚೆ ಕಾಫಿಯ ನೆರಳು ಆರಂಭವಾಗುತ್ತದೆ. ಬೆಳಗಿನ ತಟ್ಟೆಯೂ ದಾರಿಯುದ್ದಕ್ಕೂ ಬದಲಾಗುತ್ತ ಹೋಗುತ್ತದೆ.

ಅರಸೀಕೆರೆಯ ಕಡೆ ರಾಗಿರೊಟ್ಟಿ, ಜೊತೆಗೆ ಕಾಯಿಚಟ್ನಿ ಇಲ್ಲವೆ ಹುಚ್ಚೆಳ್ಳಿನ ಚಟ್ನಿ. ಈ ಜೋಡಿಯನ್ನು ಯಾವ ಪೌಷ್ಟಿಕ ತಜ್ಞನೂ ತಳ್ಳಿಹಾಕಲಾರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಮಿನ ಆಸುಪಾಸು. ಹದಿಹರೆಯದ ಮಕ್ಕಳ ಎಲುಬಿಗೆ ದಿನಕ್ಕೆ ಬೇಕಾದುದು ಸುಮಾರು 1000 ಮಿಲಿಗ್ರಾಂ ಎಂಬುದನ್ನು ನೆನೆದರೆ, ಬೆಳಗಿನ ಎರಡು ದಪ್ಪ ರೊಟ್ಟಿಗಳ ಬೆಲೆ ತಿಳಿಯುತ್ತದೆ. ರಾಗಿಯಲ್ಲಿರುವ ಸುಣ್ಣವೆಲ್ಲ ಮೈಗೆ ಹತ್ತುವುದಿಲ್ಲ. ಅದನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತುವೂ ಕಾಳಿನಲ್ಲಿಯೇ ಇದೆ. ರಾಗಿಯನ್ನು ಮೊಳಕೆ ಬರಿಸಿದರೆ, ಹುಳಿಯಿಸಿದರೆ ಆ ಹಿಡಿತ ಸಡಿಲುತ್ತದೆ. ನಮ್ಮ ಅಜ್ಜಿಯರು ಮಜ್ಜಿಗೆ ಬೆರೆಸಿದ ಅಂಬಲಿಯನ್ನು ಮಾಡುತ್ತಿದ್ದಾಗ, ಮೊಳಕೆ ರಾಗಿಯ ಹಿಟ್ಟನ್ನು ಕೂಸುಗಳಿಗೆ ಕಾಯಿಸಿ ಕೊಡುತ್ತಿದ್ದಾಗ ಈ ಶಾಸ್ತ್ರವನ್ನು ಓದಿರಲಿಲ್ಲ. ಆದರೂ ಶಾಸ್ತ್ರಕ್ಕೆ ವಿರೋಧವಾಗಿ ನಡೆಯಲಿಲ್ಲ.

ಹಳೇಬೀಡಿಗೆ ಬಂದರೆ ಹೊಯ್ಸಳೇಶ್ವರನ ಗುಡಿ. ಬೇಲೂರು, ಸೋಮನಾಥಪುರಗಳ ಗುಡಿಗಳೊಡನೆ ಇದು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೋಡೆಯ ಕೆಳಭಾಗದಲ್ಲಿ ಸಾಲಿನ ಮೇಲೆ ಸಾಲಾಗಿ ಪ್ರಾಣಿಗಳ ಪಟ್ಟಿಕೆಗಳಿವೆ. ಎಲ್ಲಕ್ಕೂ ಕೆಳಗಿನದು ಆನೆಗಳ ಸಾಲು. ಮೇಲಿನ ಭಾರವನ್ನೆಲ್ಲ ಹೊರಲು ಬಲ ಬೇಕು, ಆದುದರಿಂದ ಆನೆ ಎಂದು ಮಾರ್ಗದರ್ಶಕರು ವಿವರಿಸುವುದನ್ನು ಯಾತ್ರಿಕರೆಲ್ಲ ಕೇಳಿದ್ದಾರೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಹೇಳುತ್ತಿದ್ದುದುಂಟು: ದಿನದ ಗೋಡೆಯಲ್ಲಿ ಬೆಳಗಿನ ಆಹಾರವೇ ಆನೆಯ ಸಾಲು.

ಬೇಲೂರಿನಲ್ಲಿ ಅಕ್ಕಿರೊಟ್ಟಿ, ಕಡುಬು, ಶಾವಿಗೆ. ಚಳಿಗಾಲದಲ್ಲಿ ರೊಟ್ಟಿಯ ಹಿಟ್ಟಿಗೆ ಎಳೆಯ ಅವರೆಕಾಳು ಬೀಳುತ್ತದೆ. ಅಕ್ಕಿಯಲ್ಲಿ ಕೊರತೆಯಾದ ಸಸಾರಜನಕವನ್ನು ಅದು ತುಂಬಿಕೊಡುತ್ತದೆ. ಧನುರ್ಮಾಸದಲ್ಲಿ ಸೂರ್ಯೋದಯಕ್ಕೆ ಮುನ್ನ ದೇವರಿಗೆ ನಿವೇದಿಸುವ ಹುಗ್ಗಿಯ ಗುಟ್ಟೂ ಇದೇ. ಅಕ್ಕಿ, ಹೆಸರುಬೇಳೆ, ತುಪ್ಪ, ಮೆಣಸು, ಜೀರಿಗೆ: ಕೊರೆಯುವ ಚಳಿಯ ಬೆಳಗಿಗೆ ಇದಕ್ಕಿಂತ ಹದವಾದ ಪಾರಣೆ ಯಾವುದಿದ್ದೀತು? ಏಕದಳ ಧಾನ್ಯದಲ್ಲಿ ಇಲ್ಲದ ಸಸಾರಜನಕದ ಅಂಶ ಬೇಳೆಯಲ್ಲಿದೆ. ಬೇಳೆಯಲ್ಲಿ ಇಲ್ಲದುದು ಧಾನ್ಯದಲ್ಲಿದೆ. ಎರಡೂ ಕೂಡಿದಾಗ ಆಹಾರ ಪೂರ್ಣವಾಗುತ್ತದೆ.

ಇಡ್ಲಿ ದೋಸೆಗಳ ಕಥೆಯೂ ಇದೇ. ಇವು ಹೋಟೆಲಿನವರು ಕಂಡುಹಿಡಿದವಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವನ್ನು ಹೇಳಿದೆ. ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅದಾದ ಹನ್ನೆರಡು ಹದಿಮೂರು ವರ್ಷಗಳಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಇಡ್ಡರಿಕಾ, ಧೋಸಕಗಳು ರಾಜನ ಭೋಜನದ ಪಟ್ಟಿಗೆ ಸೇರಿದವು. ಆ ಕಾಲದ ಇಡ್ಡಲಿಗೆಯಲ್ಲಿ ಉದ್ದೇ ಪ್ರಧಾನ. ಅಕ್ಕಿ ಅನಂತರ ಬಂದು ಸೇರಿದ್ದು. ರುಬ್ಬಿದ ಹಿಟ್ಟು ರಾತ್ರಿಯೆಲ್ಲ ಹುದುಗಿ ಉಬ್ಬುವುದಕ್ಕೆ ಕಾರಣವಾದ ಸೂಕ್ಷ್ಮಜೀವಿಗಳು ‘ಬಿ’ ಗುಂಪಿನ ಕೆಲವು ಜೀವಸತ್ವಗಳನ್ನು ಹೆಚ್ಚಿಸುತ್ತವೆ, ಜೀರ್ಣವನ್ನು ಸುಲಭಗೊಳಿಸುತ್ತವೆ. ನಾವು ನಿದ್ರಿಸುತ್ತಿರುವಾಗ ನಮ್ಮ ಪಾರಣೆಯ ಸಿದ್ಧತೆ ರುಬ್ಬಿದ ಪಾತ್ರೆಯಲ್ಲಿ ತಾನಾಗಿಯೇ ನಡೆಯುತ್ತಿರುತ್ತದೆ.

ಹೀಗೆ ಸೀಮೆಗೊಂದು ಒಳ್ಳೆಯ ತಿಂಡಿಯಿರುವಾಗ ಕೊರತೆ ಎಲ್ಲಿ ಬಂದಿತು? ಮೊದಲನೆಯದು ಹೊತ್ತಿನ ಕೊರತೆ. ಹಿಂದೆ ಹೊಲಕ್ಕೆ ಹೋಗುವವನು ತಂಗಳನ್ನೋ ಅಂಬಲಿಯನ್ನೋ ಕುಡಿದು ಹೊರಡುತ್ತಿದ್ದ. ಹೊತ್ತೇರಿದ ಮೇಲೆ ರೊಟ್ಟಿಯ ಬುತ್ತಿ ಅಲ್ಲಿಗೇ ಹೋಗುತ್ತಿತ್ತು. ಈಗ ಬೆಳಗಿನ ರೈಲು ಹಿಡಿದು ಅರಸೀಕೆರೆಯ ಜಂಕ್ಷನ್ನಿನಿಂದ ಹಾಸನಕ್ಕೋ ತಿಪಟೂರಿಗೋ ಹೋಗುವವರು, ದೂರದ ಶಾಲೆಯ ಬಸ್ಸಿಗೆ ಓಡುವ ಮಕ್ಕಳು, ಕಾಫಿ ತೋಟದ ಗಾಡಿ ಹತ್ತುವ ಕೂಲಿಯವರು, ಎಲ್ಲರೂ ಗಡಿಯಾರಕ್ಕೆ ಸೋತವರು. ತಂಗಳಿನ ಸ್ಥಾನವನ್ನು ಟೀ ಆಕ್ರಮಿಸಿದೆ. ಟೀ ಕಾಫಿಗಳು ಹಸಿವನ್ನು ತೀರಿಸುವುದಿಲ್ಲ, ಮರೆಸುತ್ತವೆ. ಅಷ್ಟೇ ಅಲ್ಲ, ಆಹಾರದೊಡನೆ ಕುಡಿದ ಟೀ ಆಹಾರದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ಅದನ್ನು ಬಿಡಲಾರದವರು ತಿಂಡಿಯಾದ ಒಂದು ಗಂಟೆಯ ಮೇಲೆ ಕುಡಿಯುವುದು ಲೇಸು.

ಎರಡನೆಯದು ಹದದ ಕೊರತೆ. ಬರಿಯ ಚಿತ್ರಾನ್ನ, ಬರಿಯ ಉಪ್ಪಿಟ್ಟು, ಮೈದಾದ ಬ್ರೆಡ್ಡು, ಬನ್ನು ಹೊಟ್ಟೆಯನ್ನು ತುಂಬುತ್ತವೆ. ಆದರೆ ಸಕ್ಕರೆಯಾಗಿ ಬೇಗ ರಕ್ತಕ್ಕೆ ಇಳಿದು ಬೇಗನೆ ಮುಗಿದುಹೋಗುತ್ತವೆ. ಹನ್ನೊಂದಕ್ಕೆ ಮತ್ತೆ ಹಸಿವು, ಮತ್ತೆ ಟೀ. ಹೋಟೆಲಿನ ತಿಂಡಿಯಲ್ಲಿ ಎಣ್ಣೆ ಹೆಚ್ಚು, ಕಾಳು ತರಕಾರಿ ಕಡಮೆ. ಅಪರೂಪಕ್ಕೆ ಸರಿ, ನಿತ್ಯಕ್ಕೆ ಸಲ್ಲದು.

ಹದವಾದ ತಿಂಡಿಯ ಸೂತ್ರ ಕಠಿನವಲ್ಲ. ದಿನದ ಆಹಾರದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬೆಳಿಗ್ಗೆ ಸಲ್ಲಲಿ. ತಟ್ಟೆಯಲ್ಲಿ ಒಂದು ಧಾನ್ಯ, ಅದರ ಜೊತೆಗೆ ಒಂದು ಕಾಳೋ ಬೇಳೆಯೋ ಮೊಟ್ಟೆಯೋ ಹಾಲು ಮೊಸರೋ, ಮತ್ತೆ ಒಂದು ಹಸಿಯ ಪದಾರ್ಥ, ಹಣ್ಣು ಅಥವಾ ತರಕಾರಿ, ಇರಲಿ. ಚಿತ್ರಾನ್ನಕ್ಕೆ ಕಡಲೆಬೀಜವನ್ನು ಧಾರಾಳವಾಗಿ ಹಾಕಿ, ಪಕ್ಕದಲ್ಲಿ ಹೆಸರುಬೇಳೆಯ ಕೋಸಂಬರಿಯನ್ನಿಟ್ಟರೆ ಅದೇ ಚಿತ್ರಾನ್ನ ಸತ್ತ್ವಯುತವಾಗುತ್ತದೆ. ಅವಲಕ್ಕಿಗೆ ಮೊಸರು, ಉಪ್ಪಿಟ್ಟಿಗೆ ಅವರೆಕಾಳು, ರೊಟ್ಟಿಯ ಹಿಟ್ಟಿಗೆ ನುಗ್ಗೆಸೊಪ್ಪು ಸೇರಲಿ. ಎಲ್ಲದರ ಮೇಲೂ ಅರ್ಧ ನಿಂಬೆಯ ರಸ, ಇಲ್ಲವೆ ಒಂದು ನೆಲ್ಲಿಕಾಯಿ. ಅವುಗಳಲ್ಲಿನ ‘ಸಿ’ ಜೀವಸತ್ವ ಸೊಪ್ಪು ಕಾಳುಗಳ ಕಬ್ಬಿಣವನ್ನು ರಕ್ತಕ್ಕೆ ದಾಟಿಸುತ್ತದೆ. ದ್ವಾದಶಿಯ ಪಾರಣೆಯ ಎಲೆಯಲ್ಲಿ ಅಗಸೆಸೊಪ್ಪನ್ನೂ ನೆಲ್ಲಿಕಾಯನ್ನೂ ಜೊತೆಯಾಗಿ ಬಡಿಸುವ ರೂಢಿಯನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಒಲೆ ಹಚ್ಚಲೂ ಬಿಡುವಿಲ್ಲದವರಿಗೆ ನಮ್ಮ ಹುರಿಹಿಟ್ಟು ಇದೆ. ರಾಗಿಯನ್ನು ಹುರಿದು ಅರಳಿಸಿ ಬೀಸಿದ ಈ ಹಿಟ್ಟನ್ನು ಒಮ್ಮೆ ಮಾಡಿಟ್ಟುಕೊಂಡರೆ ವಾರಗಟ್ಟಲೆ ಕೆಡದು. ಬೆಲ್ಲ, ಕಾಯಿತುರಿ, ಹಾಲು ಅಥವಾ ಮಜ್ಜಿಗೆ ಬೆರೆಸಿ ಕಲಸಿದರೆ ಮೂರು ನಿಮಿಷದಲ್ಲಿ ತಿಂಡಿ ಸಿದ್ಧ. ಅರಸೀಕೆರೆಯ ರಾಗಿ, ಅರಸೀಕೆರೆಯ ತೆಂಗು. ಡಬ್ಬದ ಚಕ್ಕೆಗಳಿಗೆ ಕೊಡುವ ಹಣದಲ್ಲಿ ಮನೆಮಂದಿಯೆಲ್ಲ ತಿನ್ನಬಹುದು.

ಸರಕಾರಗಳೂ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಬೆಳಗಿನ ಪೌಷ್ಟಿಕ ಆಹಾರದ ಅನಂತರದ ಗಂಟೆಗಳು ಕಠಿನ ಪಾಠಗಳಿಗೆ ಹೆಚ್ಚು ಫಲಕಾರಿಯೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಕರ್ನಾಟಕದಲ್ಲಿ ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ 2013ರ ಆಗಸ್ಟಿನಲ್ಲಿ ಆರಂಭವಾಯಿತು. ಆ ಹಾಲಿಗೆ ವಾರದಲ್ಲಿ ಮೂರು ದಿನ ರಾಗಿಯ ಮಾಲ್ಟನ್ನು ಬೆರೆಸುವ ಏರ್ಪಾಡು 2024ರ ಫೆಬ್ರುವರಿಯಲ್ಲಿ ಬಂದಿತು. ತಮಿಳುನಾಡು 2022ರ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರವನ್ನೇ ಆರಂಭಿಸಿತು. ಇವೆಲ್ಲ ಸ್ವಾಗತಾರ್ಹ ಕ್ರಮಗಳು. ಆದರೆ ಶಾಲೆಯ ಲೋಟ ಶಾಲೆಗೆ ಬಂದವರನ್ನು ಮಾತ್ರ ತಲಪುತ್ತದೆ. ಮನೆಯಲ್ಲಿ ಒಲೆಯ ಮುಂದೆ ನಿಂತವರನ್ನು ಯಾವ ಯೋಜನೆಯೂ ತಲಪಲಾರದು.

ಇದೇ ಮೂರನೆಯ ಕೊರತೆ, ಎಲ್ಲಕ್ಕಿಂತ ದೊಡ್ಡದು. ಮತ್ತು ಇದಕ್ಕೆ ಹಣವಾಗಲಿ ಹಿಟ್ಟಾಗಲಿ ಕಾರಣವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾ‌ರು 48 ಜನರಿಗೆ ರಕ್ತಹೀನತೆ. ಇದಕ್ಕೆ ಕಾರಣಗಳು ಹಲವು, ನಿಜ. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಹನ್ನೊಂದು ಗಂಟೆಗೆ ಉಳಿದುದನ್ನು ತಿನ್ನುವ, ಉಳಿಯದಿದ್ದರೆ ಒಂದು ಲೋಟ ಟೀಯಲ್ಲಿ ಮುಗಿಸುವ ಪದ್ಧತಿಗೆ ಆ ಕಾರಣಗಳಲ್ಲಿ ಸ್ಥಾನವಿಲ್ಲವೆಂದು ಯಾರು ಹೇಳಬಲ್ಲರು? ಕಾವಲಿಗೆ ಅಂಟಿ ಹರಿದ ಮೊದಲ ದೋಸೆ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ತಮ್ಮ ತಮ್ಮ ಮನೆಗಳಲ್ಲಿ ಗಮನಿಸಿದರೆ ಸಾಕು.

ಆ ಹುಡುಗಿಯ ತಂದೆಯನ್ನು ನಾನು ಶಾಲೆಗೆ ಕರೆಸಿದೆ. ಕೆಲಸದ ಬಟ್ಟೆಯಲ್ಲಿಯೇ ಬಂದರು, ಸಭ್ಯ ಮನುಷ್ಯ, ಮಗಳೆಂದರೆ ಪ್ರಾಣ. ನಡೆದುದನ್ನು ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಅಡಿಗೆ ಮಾಡೋರು ತಿನ್ನದೆ ಇರ್ತಾರಾ ಮೇಷ್ಟ್ರೇ, ಅಂದ್ಕೊಂಡಿದ್ದೆ’ ಎಂದರು. ಮತ್ತೆ ಸ್ವಲ್ಪ ತಡೆದು, ‘ಹಂಗಾದ್ರೆ ಇವಳ ಅವ್ವಾನೂ ತಿಂತಾ ಇರ್ಲಿಲ್ಲ ಅನ್ಸುತ್ತೆ’ ಎಂದರು. ನನಗೆ ಮಾತು ಹೊರಡಲಿಲ್ಲ. ಏಕೆಂದರೆ ಆ ಕ್ಷಣದಲ್ಲಿ ನಾನು ನನ್ನ ಮನೆಯನ್ನು ನೆನೆಯುತ್ತಿದ್ದೆ. ಅಷ್ಟು ವರ್ಷ ಬೀದಿಯಲ್ಲಿ ಕಂಡವರನ್ನೆಲ್ಲ ತಿಂಡಿ ಆಯಿತೆ ಎಂದು ವಿಚಾರಿಸುತ್ತಿದ್ದವನು ನನ್ನ ತಟ್ಟೆಗೆ ತಿಂಡಿ ತಂದಿಟ್ಟವರನ್ನು ಒಮ್ಮೆಯೂ ಕೇಳಿರಲಿಲ್ಲ.

ಆ ಮನೆಯಲ್ಲಿ ಒಂದು ಸಣ್ಣ ಬದಲಾವಣೆಯಾಯಿತು. ಹೆಂಚಿನಿಂದ ಇಳಿದ ಮೊದಲ ಎರಡು ರೊಟ್ಟಿಗಳು ಬಸ್ಸಿಗೆ ಹೋಗುವ ಹುಡುಗಿಗೆ, ಅನಂತರದ ಎರಡು ಅವಳ ತಾಯಿಗೆಂದು ತೆಗೆದಿಡುವುದಾಯಿತು. ನೀರು ತರುವ ಕೆಲಸ ಅಣ್ಣಂದಿರಿಗೆ ಹೋಯಿತು. ಇದರಿಂದ ಖರ್ಚು ಒಂದು ಕಾಸೂ ಏರಲಿಲ್ಲ. ರೊಟ್ಟಿಯ ಸಂಖ್ಯೆ ಮಾತ್ರ ಹನ್ನೆರಡರಿಂದ ಹದಿನಾಲ್ಕಾಯಿತು ಎಂದು ಹುಡುಗಿ ನಗುತ್ತ ಹೇಳಿದಳು. ಅಲ್ಲಿಯವರೆಗೆ ಆ ಎರಡು ರೊಟ್ಟಿಗಳ ಹಿಟ್ಟು ಮಡಕೆಯಲ್ಲಿಯೇ ಇದ್ದಿತು. ಲೆಕ್ಕದಲ್ಲಿ ಮಾತ್ರ ಇರಲಿಲ್ಲ.

ನಾಳೆ ಬೆಳಿಗ್ಗೆ ತಾವು ತಿಂಡಿಗೆ ಕುಳಿತಾಗ, ತಟ್ಟೆಗೆ ಕೈಯಿಡುವ ಮುನ್ನ, ಬೀದಿಯವರಿಗೆಲ್ಲ ಕೇಳುವ ಆ ಪ್ರಶ್ನೆಯನ್ನು ಮನೆಯೊಳಗೆ ಒಮ್ಮೆ ಕೇಳಿ ನೋಡಿ. ‘ಆಮೇಲೆ ತಿಂತೀನಿ, ನೀವು ತಿನ್ನಿ’ ಎಂಬ ಉತ್ತರ ಬಂದರೆ ಅದನ್ನು ಒಪ್ಪಿಕೊಳ್ಳಬೇಡಿ. ಇನ್ನೊಂದು ತಟ್ಟೆಯನ್ನು ತಾವೇ ಹಾಕಿ.